ಅತ್ತೆ, ಅಡಿಕೆ ಮತ್ತು ಡಾರ್ಸಿ

ಪ್ರಿಯ ಗೆಳೆಯ,

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕುಳಿತು ಜಗಳವಾಡಿದ್ದು ನೆನಪಿದೆಯೇ? ಒಳ್ಳೆಯ ಕಾದಂಬರಿ ಟಿವಿಗೆ ಬಂದರೆ ಕೆಟ್ಟಿತೆಂದೇ ಲೆಕ್ಕ ಎಂದು ನಾನು ಹಟ ಹಿಡಿದಿದ್ದೆ. ಈಗ ಅರ್ಧ ಸೋಲು ಒಪ್ಪಿಕೊಳ್ಳಲು ಈ ಪತ್ರ.

ಶಿರಸಿಯ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳು. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, 1995ರಲ್ಲಿ ಬಿಬಿಸಿ ಮಾಡಿದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ಆರು ಕಂತುಗಳನ್ನು ಆರು ರಾತ್ರಿ ನೋಡಿದೆವು. ಸೋದರತ್ತೆ ಮೆಟ್ಟುಗತ್ತಿಯ ಮುಂದೆ, ಪಕ್ಕದಲ್ಲಿ ನಾನು ದುಭಾಷಿ. ಆಸ್ತಿಯುಳ್ಳ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಎಂದು ಜೇನ್ ಆಸ್ಟಿನ್ ಕಥೆ ಶುರುಮಾಡುತ್ತಾಳೆ ಎಂದೆ. “ಬೇಕು ಸರಿ, ಸಿಗಬೇಕಲ್ಲ? ನಮ್ಮೂರಲ್ಲಿ ನಾಲ್ಕೆಕರೆ ತೋಟವಿದ್ದ ಮಾಣಿಗೂ ಹೆಣ್ಣಿಲ್ಲ” ಎಂದರು.

ಕಥಾನಾಯಕಿ ಎಲಿಜಬೆತ್‌ಳ ತಾಯಿಯ ಕಿರುಚಾಟಕ್ಕೆ ನಾನು ನಕ್ಕೆ. ಅತ್ತೆ ನಗಲಿಲ್ಲ. ಗಂಡುಮಕ್ಕಳಿಲ್ಲದ ಆ ಮನೆ, ಯಜಮಾನ ತೀರಿಕೊಂಡೊಡನೆ ದಾಯಾದಿ ಕಾಲಿನ್ಸ್‌ನ ಪಾಲಾಗುತ್ತದೆ ಎಂದು ವಿವರಿಸಿದ್ದೇ ತಡ, “ಐದು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಅವಳು ಕೂಗದೆ ಇನ್ನೇನು ಮಾಡಬೇಕು? ಪುಸ್ತಕ ಹಿಡಿದು ಕುಳಿತ ಆ ಗಂಡಸಿಗೆ ಹೇಳುವವರಿಲ್ಲವೇ?” ಎಂದು ನನ್ನ ಮೇಲೆಯೇ ರೇಗಿದರು. 1813ರ ಆ ಕಾದಂಬರಿಯನ್ನು ಮೂರು ಸಲ ಓದಿದವನು ನಾನು. ಮೂರು ಸಲವೂ ಆ ಅಪ್ಪನ ಕೊಂಕುಮಾತಿನ ಪಕ್ಷದಲ್ಲೇ ಇದ್ದೆ.

ಕಥಾನಾಯಕ ಡಾರ್ಸಿ ಕೆರೆಗೆ ಧುಮುಕುವ ಪ್ರಸಿದ್ಧ ದೃಶ್ಯ ಪುಸ್ತಕದಲ್ಲಿಲ್ಲ. ಚಿತ್ರಕಥೆ ಬರೆದ ಆ್ಯಂಡ್ರ್ಯೂ ಡೇವಿಸ್ ಸೇರಿಸಿದ್ದು. ಡಾರ್ಸಿಯಾಗಿ ನಟಿಸಿದ ಕಾಲಿನ್ ಫರ್ತ್‌ನನ್ನು ಒದ್ದೆ ಅಂಗಿಯಲ್ಲಿ ಕಂಡು ಅತ್ತೆ ಶೀತವಾದೀತೆಂದು ಮರುಗಿದರು, ಅಷ್ಟೇ. ಕೆರೆಯ ವಿಷಯದಲ್ಲಿ ನನ್ನ ಹಟ ಹಾಗೇ ಇದೆ.

ಆದರೆ ಮುಂದೆ, ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲಿ ಅವನ ತಂಗಿ ಪಿಯಾನೋ ನುಡಿಸುತ್ತಿರುವಾಗ ಒಬ್ಬಳು, ಹಿಂದೆ ಆ ತಂಗಿಯನ್ನು ಮರುಳುಮಾಡಿ ಓಡಿಸಿಕೊಂಡು ಹೋಗಲು ನೋಡಿದ್ದ ವಿಕಮ್‌ನ ಹೆಸರೆತ್ತಿ ಚುಚ್ಚುತ್ತಾಳೆ. ಹುಡುಗಿಯ ಬೆರಳು ತಪ್ಪುತ್ತದೆ. ಎಲಿಜಬೆತ್ ಏನೂ ಆಗದವಳಂತೆ ಹೋಗಿ ಹಾಳೆ ಮಗುಚಲು ನಿಲ್ಲುತ್ತಾಳೆ. ಡಾರ್ಸಿ ಅವಳನ್ನು ನೋಡುತ್ತಾನೆ, ಅವಳೂ ನೋಡುತ್ತಾಳೆ. ನಮ್ಮ ದಿನನಿತ್ಯದ ಧಾರಾವಾಹಿಯಾಗಿದ್ದರೆ ಆ ನೋಟಕ್ಕೆ ಮೂರು ಸಲ ಗುಡುಗಿಸುತ್ತಿದ್ದರು. ನಾನೂ ಏನೋ ವಿವರಿಸಲು ಬಾಯಿ ತೆರೆದೆ. ಅತ್ತೆ ಕೈಯೆತ್ತಿ ತಡೆದರು. ಅರ್ಧ ಸುಲಿದ ಅಡಿಕೆ ಇನ್ನೊಂದು ಕೈಯಲ್ಲಿ ಹಾಗೇ ಇತ್ತು.

ಇನ್ನೂ ನಾಲ್ಕು ರಾತ್ರಿಯಷ್ಟು ಅಡಿಕೆ ಉಳಿದಿದೆ. ಬಿಬಿಸಿಯದೇ ಇನ್ನೊಂದು ಧಾರಾವಾಹಿ, 2004ರ ‘ನಾರ್ತ್ ಆ್ಯಂಡ್ ಸೌತ್’ ಕೂಡ ನಾಲ್ಕೇ ಕಂತು. ಬರುವುದಾದರೆ ಬಾ, ಇನ್ನೊಂದು ಮೆಟ್ಟುಗತ್ತಿ ಇದೆ.

ನಿನ್ನವ