ಕಾರು ಓಡಿಸುವವಳು ನಾನು, ಬುಕಿಂಗ್ ಆದದ್ದು ಪತಿಯ ಹೆಸರಿನಲ್ಲಿ: ಹಣ ಹಿಂದಿರುಗಿಸುವಂತೆ ಕೋರಿ ದೂರು

ದಿನಾಂಕ: 12 ಜನವರಿ 2026
ಸ್ಥಳ: ಮೈಸೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 14 ನವೆಂಬರ್ 2025ರಿಂದ ಏಳು ದಿನಗಳಿಗೆ ನಿಮ್ಮ ಪ್ರವಾಸ ಏಜೆನ್ಸಿಯ ಮೂಲಕ ಕಾಯ್ದಿರಿಸಿದ್ದ ಬಾಡಿಗೆ ಕಾರು ಸಿಗದೆ ಹೋದ ಬಗ್ಗೆ.

ಮಾನ್ಯರೇ,

ಜನವರಿ 5ರಂದು ನಿಮ್ಮಿಂದ ಬಂದ ಇಮೇಲ್‌ನಲ್ಲಿ ‘ಗ್ರಾಹಕರು ನಿಗದಿತ ಸಮಯಕ್ಕೆ ಕಾರು ಪಡೆಯಲು ಬಾರದ ಕಾರಣ ಹಣ ಹಿಂದಿರುಗಿಸಲು ಅವಕಾಶವಿಲ್ಲ’ ಎಂದಿದೆ. ನಾವು ಬಂದಿದ್ದೆವು. ನಾನು, ನನ್ನ ಪತಿ, 68 ವರ್ಷದ ನಮ್ಮ ಅತ್ತೆ, ಐದು ವರ್ಷದ ಮಗಳು, ನಾಲ್ಕೂ ಜನ ಬಾಡಿಗೆ ಕಾರಿನ ಕೌಂಟರಿನ ಮುಂದೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಇದ್ದೆವು. ಬಂದೇ ಇಲ್ಲ ಎಂದು ಬರೆದುಬಿಟ್ಟಿರುವುದಕ್ಕೇ ಈ ಪತ್ರವನ್ನು ವಿವರವಾಗಿ ಬರೆಯಬೇಕಾಗಿದೆ.

ಸೆಪ್ಟೆಂಬರ್ 9ರಂದು ನಿಮ್ಮ ಮೈಸೂರು ಶಾಖೆಗೆ ನಾನು ಕಳುಹಿಸಿದ ಮೊದಲ ಇಮೇಲ್‌ನಲ್ಲೇ ಹೀಗಿದೆ: ‘ಕಾರು ಓಡಿಸುವುದು ನಾನೊಬ್ಬಳೇ. ನನ್ನ ಪತಿಗೆ ಚಾಲನಾ ಪರವಾನಗಿ ಇಲ್ಲ.’ ಅದರ ಜೊತೆ ನನ್ನ ಪರವಾನಗಿಯ ಪ್ರತಿಯೂ ಇತ್ತು. ನಾನು ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಕುವೆಂಪುನಗರದಿಂದ ಹೊರಟು ಶ್ರೀರಂಗಪಟ್ಟಣ ದಾಟಿ ಮಂಡ್ಯ ಸೇರಿ ಮತ್ತೆ ಸಂಜೆ ಹಿಂದಿರುಗುವುದನ್ನು ಹದಿನಾಲ್ಕು ವರ್ಷಗಳಿಂದ ನನ್ನ ಕಾರಿನಲ್ಲಿ ನಾನೇ ಮಾಡಿಕೊಂಡು ಬಂದಿದ್ದೇನೆ. ನ್ಯೂಜಿಲೆಂಡನ್ನು ಆರಿಸಿಕೊಂಡದ್ದೂ ಅಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುತ್ತಾರೆ ಎಂಬ ಕಾರಣಕ್ಕೆ. ಪರವಾನಗಿ ಇಂಗ್ಲಿಷಿನಲ್ಲಿದ್ದರೆ ಅಲ್ಲಿ ಅದೇ ಸಾಕು. ಆದರೂ ಯಾವುದಕ್ಕೂ ಇರಲಿ ಎಂದು ಆರ್‌ಟಿಒ ಕಚೇರಿಗೆ ಹೋಗಿ, ಸಾವಿರ ರೂಪಾಯಿ ಕಟ್ಟಿ, ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡೆ. ಅದರ ಪ್ರತಿಯನ್ನು ಅಕ್ಟೋಬರ್‌ನಲ್ಲಿ ನಿಮಗೆ ಕಳುಹಿಸಿದಾಗ ‘ತಲುಪಿದೆ’ ಎಂದು ನಿಮ್ಮ ಸಿಬ್ಬಂದಿ ಉತ್ತರಿಸಿದ್ದಾರೆ. ಕಾರು ಮತ್ತು ಮಗುವಿನ ಆಸನಕ್ಕೆಂದು ಒಟ್ಟು 58,400 ರೂಪಾಯಿಯನ್ನು ಮುಂಗಡವಾಗಿಯೇ ಪಾವತಿಸಿದ್ದೇನೆ, ಅದೂ ನನ್ನ ಖಾತೆಯಿಂದ.

ನವೆಂಬರ್ 3ರಂದು ಬಂದ ವೋಚರ್‌ನ ಮೇಲ್ಭಾಗದಲ್ಲಿ ನನ್ನ ಪತಿಯ ಹೆಸರಿತ್ತು ಎಂಬುದು ನಿಜ. ಹೋಟೆಲಿನ ವೋಚರ್‌ಗಳಲ್ಲೂ ಅವರ ಹೆಸರೇ ಇದ್ದುದರಿಂದ ಇದೂ ಹಾಗೆಯೇ ಎಂದುಕೊಂಡೆ. ಚಾಲಕರ ವಿವರವಿದ್ದ ಎರಡನೆಯ ಪುಟವನ್ನು ನೀವು ಕಳುಹಿಸಿಯೇ ಇರಲಿಲ್ಲ. ಅದನ್ನು ನಾನು ಮೊದಲು ನೋಡಿದ್ದು ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ.

ಬೆಂಗಳೂರಿನಿಂದ ಸಿಂಗಪುರದ ಮೂಲಕ ರಾತ್ರಿಯಿಡೀ ಪ್ರಯಾಣ ಮಾಡಿ, ತಂದಿದ್ದ ಚಟ್ನಿಪುಡಿಯನ್ನೂ ತಪಾಸಣೆಯವರಿಗೆ ತೋರಿಸಿ, ಕೌಂಟರ್ ತಲುಪಿದಾಗ ಅಲ್ಲಿನ ಸಮಯ ಹನ್ನೆರಡು ಗಂಟೆ. ಕೌಂಟರಿನಲ್ಲಿದ್ದ ಯುವಕ ನನ್ನ ಪರವಾನಗಿ, ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡುಗಳನ್ನು ಸಾಲಾಗಿ ಇಟ್ಟುಕೊಂಡು ಕಂಪ್ಯೂಟರ್ ನೋಡಿದ. ಮತ್ತೆ ನನ್ನ ಮುಖ ನೋಡಿದ. ಆಮೇಲೆ ಪರದೆಯನ್ನೇ ನನ್ನತ್ತ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಚಾಲಕರು ಎಂಬುದರ ಮುಂದೆ ನನ್ನ ಪತಿಯ ಹೆಸರು! ಇನ್ನೊಬ್ಬ ಚಾಲಕರು ಎಂಬಲ್ಲಿ ಏನೂ ಇರಲಿಲ್ಲ. ಚಾಲಕರೆಂದು ನಮೂದಾದವರು ತಮ್ಮ ಪರವಾನಗಿಯನ್ನೂ, ಠೇವಣಿಗೆ ತಮ್ಮದೇ ಹೆಸರಿನ ಕ್ರೆಡಿಟ್ ಕಾರ್ಡನ್ನೂ ತೋರಿಸಬೇಕು, ಮುಂಗಡ ಪಾವತಿಯಾದ ಬುಕಿಂಗ್‌ನ ಹೆಸರನ್ನು ಏಜೆನ್ಸಿಯೇ ಬದಲಿಸಬೇಕು, ತನ್ನಿಂದ ಆಗದು ಎಂದು ಆತ ಬಹಳ ಸೌಜನ್ಯದಿಂದಲೇ ಹೇಳಿದ.

ವೋಚರ್‌ನಲ್ಲಿ ‘ದಿನದ 24 ಗಂಟೆಯೂ ಸಹಾಯವಾಣಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದೀರಿ. ನವೆಂಬರ್‌ನಲ್ಲಿ ನ್ಯೂಜಿಲೆಂಡ್ ನಮಗಿಂತ ಏಳೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ನಡುಮಧ್ಯಾಹ್ನವಾದರೆ ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಹನ್ನೊಂದು ಸಲ ಕರೆ ಮಾಡಿದೆ. ಅಷ್ಟು ಸಲವೂ ಗಂಟೆ ಬಾರಿಸಿ ಬಾರಿಸಿ ತಾನೇ ನಿಂತಿತು. ವಿದೇಶ ಪ್ರವಾಸ ಮಾರುವ ಸಂಸ್ಥೆಯೊಂದಕ್ಕೆ ಈ ಸಮಯದ ಲೆಕ್ಕ ಯಾರಾದರೂ ಹೇಳಿಕೊಡಬೇಕೇ? ಮಂಡಿನೋವಿನ ಅತ್ತೆ ಟ್ರಾಲಿಗೆ ಒರಗಿ ಕುಳಿತಿದ್ದರು. ಮಗಳು ಸೂಟ್‌ಕೇಸಿನ ಮೇಲೆಯೇ ಮಲಗಿಬಿಟ್ಟಿದ್ದಳು, ಅವಳ ಕೆನ್ನೆಯ ಮೇಲೆ ಸೂಟ್‌ಕೇಸಿನ ಜಿಪ್ಪಿನ ಗುರುತು ಮೂಡಿತ್ತು.

ಕೊನೆಗೆ ಬೇರೆ ದಾರಿ ಕಾಣದೆ ಅದೇ ಕೌಂಟರಿನಲ್ಲಿ ಅಂದಿನ ದರಕ್ಕೆ ನನ್ನ ಹೆಸರಿನಲ್ಲಿ ಹೊಸದಾಗಿ ಕಾರು ಪಡೆದೆ. ಉಳಿದಿದ್ದುದು ನಮಗೆ ಬೇಕಾದುದಕ್ಕಿಂತ ದೊಡ್ಡ ಕಾರು. ಏಳು ವರ್ಷ ತುಂಬದ ಮಕ್ಕಳನ್ನು ಅಲ್ಲಿ ಮಕ್ಕಳ ಆಸನವಿಲ್ಲದೆ ಕರೆದೊಯ್ಯುವಂತಿಲ್ಲವಾದ್ದರಿಂದ ಅದಕ್ಕೂ ಮತ್ತೆ ಹಣ. ಎಲ್ಲ ಸೇರಿ 1,785 ನ್ಯೂಜಿಲೆಂಡ್ ಡಾಲರ್, ಕಾರ್ಡಿನ ಲೆಕ್ಕದಲ್ಲಿ 92,310 ರೂಪಾಯಿ. ನಾಲ್ಕೂಕಾಲಿಗೆ ಹೊರಟು, ಟೆಕಾಪೊ ಸರೋವರದ ಬಳಿಯ ಹೋಟೆಲ್ ಸೇರುವಾಗ ಎಂಟು ಗಂಟೆಯಾಗಿತ್ತು. ಗಂಟೆಗೆ ನೂರು ಕಿಲೋಮೀಟರ್ ವೇಗದ, ಗುರುತು ಪರಿಚಯವಿಲ್ಲದ ರಸ್ತೆಯಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಿಸಿದ್ದೇನೆ. ಮಧ್ಯಾಹ್ನವೇ ಹೊರಟಿದ್ದರೆ ದಾರಿಯಲ್ಲಿ ನಿಂತು ದಣಿವಾರಿಸಿಕೊಳ್ಳಬಹುದಿತ್ತು.

ದಾರಿಯಲ್ಲಿದ್ದಾಗ ಸಂಜೆ ಐದೂವರೆ ದಾಟಿದ ಮೇಲೆ, ಅಂದರೆ ನಿಮ್ಮ ಕಚೇರಿ ಬಾಗಿಲು ತೆರೆದ ಮೇಲೆ, ಕರೆ ಬಂತು. ಕಾರು ನಿಲ್ಲಿಸಿ ಮಾತನಾಡಿದೆ. ‘ಸರ್ ಹೆಸರಿನಲ್ಲೇ ತೆಗೆದುಕೊಂಡು ನೀವು ಓಡಿಸಬಹುದಿತ್ತಲ್ಲ ಮೇಡಂ’ ಎಂದರು ನಿಮ್ಮ ಸಿಬ್ಬಂದಿ. ಈ ಮಾತು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಪರವಾನಗಿಯೇ ಇಲ್ಲದವರ ಹೆಸರಿನಲ್ಲಿ ಕಾರು ಯಾರೂ ಕೊಡುವುದಿಲ್ಲ, ಅದಿರಲಿ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಅನ್ವಯಿಸುವುದಿಲ್ಲ. ಕಾರಿನ ಹಾನಿಯೂ ಎದುರಿನವರ ನಷ್ಟವೂ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಇಂಥ ಸಲಹೆಯನ್ನು ನಂಬಿ ಇನ್ನೆಷ್ಟು ಕುಟುಂಬಗಳು ಹೊರದೇಶದ ರಸ್ತೆಗಿಳಿದಿವೆಯೋ ಎಂದು ನೆನೆದರೆ ನನಗೆ ಈಗಲೂ ಆತಂಕವಾಗುತ್ತದೆ.

ಹಿಂದಿರುಗಿದ ಮೇಲೆ ಮೂರು ಇಮೇಲ್ ಬರೆದೆ. ಮೂರರ ಕೆಳಗೂ ನನ್ನ ಹೆಸರಿದೆ. ಜನವರಿ 5ರ ನಿಮ್ಮ ಉತ್ತರ ಬಂದಿರುವುದು ನನ್ನ ಪತಿಯ ಹೆಸರಿಗೆ. ವಿಚಾರಿಸಿದವಳು, ಹಣ ಕಟ್ಟಿದವಳು, ಪರವಾನಗಿ ಕಳುಹಿಸಿದವಳು, ದೂರು ಕೊಟ್ಟವಳು ನಾನು. ಮನೆಯಲ್ಲಿ ಗಂಡಸರಿದ್ದರೆ ಸ್ಟಿಯರಿಂಗ್ ಹಿಡಿಯುವವರು ಅವರೇ ಎಂದು ನಿಮ್ಮಲ್ಲಿ ಯಾರೋ ತಾವಾಗಿಯೇ ತೀರ್ಮಾನಿಸಿಕೊಂಡದ್ದೇ ಇಷ್ಟಕ್ಕೆಲ್ಲ ಮೂಲ. ಇದು ನನಗೆ ಮಾಡಿದ ಅವಮಾನ ಎಂದು ನೇರವಾಗಿಯೇ ಹೇಳುತ್ತಿದ್ದೇನೆ.

ನಾನು ಬಳಸದ ಬುಕಿಂಗ್‌ನ 58,400 ರೂಪಾಯಿಯನ್ನೂ, ಹೊಸ ಕಾರಿಗೆ ಹೆಚ್ಚುವರಿಯಾಗಿ ತೆತ್ತ 33,910 ರೂಪಾಯಿಯನ್ನೂ ಸೇರಿಸಿ ಒಟ್ಟು 92,310 ರೂಪಾಯಿಯನ್ನು ಹಿಂದಿರುಗಿಸಬೇಕು. ‘ಗ್ರಾಹಕರು ಬರಲಿಲ್ಲ’ ಎಂಬ ನಮೂದನ್ನು ತೆಗೆದು, ತಪ್ಪು ನಿಮ್ಮದೆಂದು ಒಪ್ಪಿಕೊಂಡ ಪತ್ರವನ್ನು ನನ್ನ ಹೆಸರಿಗೇ ಕಳುಹಿಸಬೇಕು. ಕಾರು ಓಡಿಸುವವರು ಯಾರು ಎಂದು ಬುಕಿಂಗ್ ಮಾಡುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಳ್ಳುವಂತೆ ನಿಮ್ಮ ಶಾಖೆಗಳಿಗೆ ಸೂಚಿಸಬೇಕು. ಹಣದಷ್ಟೇ ಇದೂ ನನಗೆ ಮುಖ್ಯ.

ಇಮೇಲ್‌ಗಳು, ಎರಡೂ ಪರವಾನಗಿಗಳು, ವೋಚರ್, ಕೌಂಟರಿನಲ್ಲಿ ಸಮಯ ನಮೂದಿಸಿ ಕೊಟ್ಟ ಹೊಸ ಕರಾರು, ಕಾರ್ಡಿನ ಲೆಕ್ಕಪಟ್ಟಿ ಮತ್ತು ಅಂದಿನ ಹನ್ನೊಂದು ಕರೆಗಳ ವಿವರದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ನಿಮ್ಮ ಪ್ರಧಾನ ಕಚೇರಿ ಬೇರೆ ಊರಿನಲ್ಲಿದ್ದರೂ, ನಾನು ವಾಸವಿರುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ನನಗೆ ಅವಕಾಶ ಕೊಟ್ಟಿದೆ.

ಇಂತಿ,
ಬುಕಿಂಗ್ ಮಾಡಿಸಿದ, ಕಾರು ಓಡಿಸಿದ ಗ್ರಾಹಕಿ
ಕುವೆಂಪುನಗರ, ಮೈಸೂರು