ಕಂದು ಹಾಕಿದ ಕುರಿಯ ಲೆಕ್ಕವನ್ನೂ ಇಡೋಣ

ಮಾನ್ಯ ಸಂಪಾದಕರೇ,

ಹಿಂಡಿನಲ್ಲಿ ಒಂದು ಕುರಿ ಸತ್ತರೆ ಅದು ನಷ್ಟದ ಲೆಕ್ಕಕ್ಕೆ ಸೇರುತ್ತದೆ, ಆದರೆ ಗಬ್ಬದ ಕುರಿ ಕಂದು ಹಾಕಿದರೆ, ಅಂದರೆ ದಿನ ತುಂಬುವ ಮೊದಲೇ ಗರ್ಭ ಕಳೆದುಕೊಂಡರೆ, ಅದನ್ನು ಯಾರೂ ಬರೆದಿಡುವುದಿಲ್ಲ. ಬಹಳ ವರ್ಷಗಳಿಂದ ಕುರಿ ಸಾಕುತ್ತಿರುವ ನಾನೂ ಹೀಗೆಯೇ ನಡೆದುಕೊಂಡವನು. ಯಾವುದೋ ಟಗರು ಗುದ್ದಿರಬೇಕು, ಬಾಗಿಲಲ್ಲಿ ನೂಕಾಟವಾಗಿರಬೇಕು ಎಂದುಕೊಂಡು ಮಾಸನ್ನು ನಾಯಿಗೆ ಬಿಟ್ಟು, ಕುರಿಯನ್ನು ಮತ್ತೆ ಹಿಂಡಿಗೆ ಸೇರಿಸುತ್ತಿದ್ದೆ. ಪೆಟ್ಟಿನಿಂದ ಗರ್ಭ ಹೋಗುವುದು ಸುಳ್ಳಲ್ಲ. ಆದರೆ ಒಂದರ ಹಿಂದೆ ಒಂದರಂತೆ ಕುರಿಗಳು ಕಂದು ಹಾಕತೊಡಗಿದಾಗ ಅದಕ್ಕೆ ಸೋಂಕೇ ಕಾರಣವಿರಬಹುದು ಎಂಬ ಅನುಮಾನ ಮೊದಲು ಬರಬೇಕು. ನನಗೆ ಅದು ತಡವಾಗಿ ಬಂತು.

ಕುರಿಯ ಗಬ್ಬ ಸುಮಾರು 147 ದಿನಗಳದ್ದು. ಮೊದಲ ವಾರಗಳಲ್ಲಿ ಆಗುವ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಭ್ರೂಣ ಒಳಗೇ ಕರಗಿ, ಕುರಿ ಮತ್ತೆ ಬೆದೆಗೆ ಬಂದರೆ ಅದು ಗಬ್ಬ ನಿಂತಿರಲೇ ಇಲ್ಲವೆಂದು ನಾವು ತಿಳಿಯುತ್ತೇವೆ, ಬಾರದಿದ್ದರೆ ಗೊಡ್ಡೆಂದು ಮಾರಿಬಿಡುತ್ತೇವೆ. ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಆಗುವ ಗರ್ಭಪಾತದ ಬಗೆ ಇನ್ನೂ ಬೇರೆ. ಈಯಲು ಎರಡು ಮೂರು ವಾರ ಇರುವಾಗ, ನೋಡಲು ಆರೋಗ್ಯವಾಗಿಯೇ ಇದ್ದ ಕುರಿ ಬೆಳೆದ ಮರಿಯನ್ನೇ ಹಾಕುತ್ತದೆ. ಈ ವರ್ಷ ಅದರ ಮಾಸಿನಿಂದ ಸೋಂಕು ತಗುಲಿಸಿಕೊಂಡ ಇನ್ನೊಂದು ಕುರಿ ಹಲವು ಬಾರಿ ಮುಂದಿನ ಗಬ್ಬದಲ್ಲಿ ಕಂದು ಹಾಕುವುದರಿಂದ, ಹಿಂದಿನ ವರ್ಷ ಹೊರಗಿನಿಂದ ತಂದ ಕುರಿಗೂ ಇಂದಿನ ನಷ್ಟಕ್ಕೂ ಇರುವ ನಂಟು ನಮಗೆ ಹೊಳೆಯುವುದಿಲ್ಲ.

ಕಂದು ಹಾಕಿಸುವ ಇನ್ನೊಂದು ಸೋಂಕಾದ ಟಾಕ್ಸೊಪ್ಲಾಸ್ಮಾ ಬರುವುದು ಬೆಕ್ಕಿನ ಮಲ ಬಿದ್ದ ಮೇವು ನೀರಿನಿಂದ. ಅದರಿಂದ ಒಮ್ಮೆ ಕಂದು ಹಾಕಿದ ಕುರಿಗೆ ಸಾಮಾನ್ಯವಾಗಿ ರೋಗನಿರೋಧಕ ಶಕ್ತಿ ಬಂದಿರುತ್ತದೆ, ಮುಂದಿನ ಸಲ ಅದು ಸರಿಯಾಗಿ ಈಯುವ ಸಾಧ್ಯತೆಯೇ ಹೆಚ್ಚು. ಅಂಥ ಕುರಿಯನ್ನು ಮಾರಿದರೆ ಇಟ್ಟುಕೊಳ್ಳಬೇಕಾದುದನ್ನೇ ಕಳೆದುಕೊಂಡಂತೆ. ಕಾರಣ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಆಗಿದ್ದು, ಅದೇ ಕುರಿಯನ್ನು ಇನ್ನೊಬ್ಬರ ಹಿಂಡಿಗೆ ಮಾರಿದರೆ ರೋಗವನ್ನೇ ಮಾರಿದಂತೆ. ಯಾವ ರೋಗವೆಂದು ತಿಳಿಯದೆ ಇಡುವ, ಮಾರುವ, ಸೂಜಿ ಹಾಕಿಸುವ ತೀರ್ಮಾನಗಳೆಲ್ಲ ಕತ್ತಲಲ್ಲಿ ಕೈಯಾಡಿಸಿದ ಹಾಗೆ. ಕೆಲವು ರೋಗಗಳಿಗೆ ಲಸಿಕೆ ಇದೆ, ಆದರೆ ಅದನ್ನು ಟಗರು ಬಿಡುವ ಮೊದಲೇ ಹಾಕಿಸಬೇಕು.

ಕಂದು ಹಾಕಿದ ಕುರಿಯನ್ನು ಕೂಡಲೇ ಪ್ರತ್ಯೇಕಿಸಿ, ಮರಿ ಮತ್ತು ಮಾಸು ಎರಡನ್ನೂ ಕೈಗವಸು ಹಾಕಿಕೊಂಡು ಸೋರದ ಚೀಲದಲ್ಲಿ ಕಟ್ಟಿ, ತಂಪಾಗಿಟ್ಟು ಪಶುವೈದ್ಯರಿಗೆ ತಲುಪಿಸಬೇಕು. ಮರಿಯೊಂದನ್ನೇ ಒಯ್ದರೆ ಸಾಲದು; ಹಲವು ಸೋಂಕುಗಳ ಗುರುತು ಉಳಿಯುವುದು ಮಾಸಿನಲ್ಲಿ. ಪರೀಕ್ಷೆಗೆ ಬೇಡದುದನ್ನು ಸುಡಬೇಕು ಇಲ್ಲವೇ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಕುರಿಯ ಗುರುತು, ದಿನಾಂಕ, ಗಬ್ಬದ ಎಷ್ಟನೆಯ ತಿಂಗಳು ಎಂಬುದನ್ನು ಬರೆದಿಡಬೇಕು. ನೂರು ಗಬ್ಬದ ಕುರಿಗಳಲ್ಲಿ ಎರಡಕ್ಕಿಂತ ಹೆಚ್ಚು ಕಂದು ಹಾಕಿದರೆ ತನಿಖೆ ಆಗಲೇಬೇಕೆಂದು ಪಶುವೈದ್ಯರು ಹೇಳುತ್ತಾರೆ. ಬರೆದಿಡದವನಿಗೆ ಆ ಎರಡು ಯಾವಾಗ ದಾಟಿತೆಂದೇ ಗೊತ್ತಾಗದು.

ನನ್ನನ್ನು ಅತಿಯಾಗಿ ಕಾಡುವ ಮಾತು ಇನ್ನೊಂದಿದೆ. ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ, ಬ್ರೂಸೆಲ್ಲಾ, ಹಾಗೆಯೇ ಕಂದು ಹಾಕಿಸುವ ಇನ್ನೊಂದು ಸೋಂಕಾದ ಕ್ಯೂ ಜ್ವರ, ಇವೆಲ್ಲ ಮನುಷ್ಯರಿಗೂ ತಗಲುವಂಥವು. ಕ್ಲಮೈಡಿಯಾ ಸೋಂಕು ತಗುಲಿದ ಗರ್ಭಿಣಿಗೆ ಗರ್ಭಪಾತವಾಗಬಹುದು, ಆಕೆಯ ಜೀವಕ್ಕೂ ಅಪಾಯವಾಗಬಹುದು. ಹೀಗಿದ್ದೂ ಈದ ಕುರಿಯ ಜಾಗ ಬಳಿಯುವುದು, ಸೋತ ಮರಿಯನ್ನು ಒರೆಸಿ ಹಾಲು ಕುಡಿಸುವುದು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿನ ಕೆಲಸ. ಬಸುರಿಯಾದವಳನ್ನು ಈಯುವ ಕಾಲದಲ್ಲಿ ಕುರಿಗಳಿಂದಲೂ ಆ ಕೆಲಸದಲ್ಲಿ ತೊಟ್ಟ ಬಟ್ಟೆಗಳಿಂದಲೂ ದೂರವಿಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಪಶುವೈದ್ಯ ಸೇವೆಯವರು ಟಗರು ಬಿಡುವ ಕಾಲಕ್ಕೆ ಮೊದಲೇ ಸಾಕಣೆದಾರರನ್ನು ಕರೆದು ಇದನ್ನು ತಿಳಿಸಬೇಕು. ಮಾದರಿ ತಂದುಕೊಟ್ಟವನಿಗೆ ಪರೀಕ್ಷೆಯ ಫಲಿತಾಂಶ ಅವನಿಗೆ ಅರ್ಥವಾಗುವ ಮಾತಿನಲ್ಲಿ, ಮುಂದಿನ ಗಬ್ಬಕ್ಕೆ ಮೊದಲು ಸಿಗಬೇಕು. ಒಮ್ಮೆ ಮಾಸು ಹೊತ್ತು ಹೋಗಿ ಉತ್ತರ ಸಿಗದೆ ಮರಳಿದವನು ಎರಡನೆಯ ಸಲ ಹೋಗುವುದಿಲ್ಲ.

ಇಂತಿ,
ಒಬ್ಬ ಕುರಿ ಸಾಕಣೆದಾರ