ಫ್ರಾನ್ಸಿಗೆ ಹೋದವರು ಪ್ಯಾರಿಸ್ ಒಂದೇ ನೋಡಿ ಬರಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಫ್ರಾನ್ಸ್ ಪ್ರವಾಸದ ಲೇಖನ ಓದಿದೆ. ಐಫೆಲ್ ಟವರ್, ಮೊನಾಲಿಸಾ, ನದಿಯಲ್ಲಿ ದೋಣಿ, ಶಾಪಿಂಗ್. ಮುಗೀತು. ಚೆನ್ನಾಗಿಯೇ ಬರೆದಿದ್ದಾರೆ, ತಕರಾರಿಲ್ಲ. ಆದರೆ ಕೊನೆಗೆ 'ಫ್ರಾನ್ಸ್ ನೋಡಿದಂತಾಯಿತು' ಅಂದಿದ್ದಾರಲ್ಲ, ಅದಕ್ಕೇ ಈ ಪತ್ರ. ಯಾರಾದರೂ ವಿಧಾನಸೌಧ, ಎಂ.ಜಿ. ರೋಡ್ ನೋಡಿ ಕರ್ನಾಟಕ ನೋಡಿದೆ ಅಂದರೆ ಕಲಬುರಗಿಯವರಿಗೆ ಹೇಗೆ ಉರಿಯುತ್ತದೆ ಹೇಳಿ. ನನಗೂ ಹಾಗೇ ಆಯಿತು.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಕಲಿಸಿದವಳು. ತವರು ಹುಣಸಗಿ ಹತ್ತಿರದ ಒಂದು ಹಳ್ಳಿ, ಈಗ ಇರೋದು ಕಲಬುರಗಿ. ಮಗಳು, ಅಳಿಯ ತುಲೂಸ್ ಊರಲ್ಲಿ ಕೆಲಸಕ್ಕಿದ್ದಾರೆ. ಹೋದ ವರ್ಷ ಮೇ ಕೊನೆಗೆ, ಇಲ್ಲಿ ಬಿಸಿಲು ಕುದಿಯುವಾಗ, ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಹೊರಡುವ ಮುಂಚೆ ಒಬ್ಬ ಟೂರ್ ಏಜೆಂಟರನ್ನು ಹಳ್ಳಿ ಕಡೆ ಏನಿದೆ ಅಂತ ಕೇಳಿದರೆ, "ಏನೂ ಇಲ್ಲ ಮೇಡಂ, ಬರೀ ಹೊಲ" ಅಂದರು. ಹೊಲ ನೋಡೋಕೆ ನನಗೇನು ಬೇಜಾರಿಲ್ಲ, ಆದರೆ ಅವರ ಮಾತು ಸುಳ್ಳು ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ತುಲೂಸಿನಿಂದ ಉತ್ತರಕ್ಕೆ ಕಾರಿನಲ್ಲಿ ಎರಡೂವರೆ ತಾಸು. ಜಿಲ್ಲೆಯ ಹೆಸರು ದೋರ್ದೋನ್. ಅಲ್ಲಿಯ ಹಿರಿಯರು ಇನ್ನೂ ಪೆರಿಗೋರ್ ಅಂತಲೇ ಕರೀತಾರೆ, ನಮ್ಮಲ್ಲಿ ಕೆಲವರು ಗುಲಬರ್ಗಾ ಬಿಡದೇ ಇರೋ ಹಾಗೆ. ದೋರ್ದೋನ್ ಅನ್ನೋದು ದೊಡ್ಡ ಹೊಳೆ. ವೆಜೇರ್ ಅನ್ನೋ ಸಣ್ಣ ಹೊಳೆ ಬಂದು ಅದಕ್ಕೆ ಸೇರುತ್ತದೆ. ಎರಡೂ ಕಡೆ ಸುಣ್ಣದ ಕಲ್ಲಿನ ಎತ್ತರದ ಬಂಡೆಗಳು. ಬಂಡೆಯ ಹೊಟ್ಟೆಯೊಳಗೆ ಮನೆ, ಮೇಲೆ ಓಕ್ ಮರ, ಕೆಳಗೆ ಅಕ್ರೋಟಿನ ತೋಟ.

ಸುಣ್ಣದ ಕಲ್ಲು ಅಂದ ಕೂಡಲೇ ನಮ್ಮನೆಯವರ ಕಿವಿ ನೆಟ್ಟಗಾಯಿತು. ಅವರು ಶಹಾಬಾದ್ ಕಡೆಯವರು, ಫರಸಿ ಕಲ್ಲಿನ ಮನೆಯಲ್ಲಿ ಹುಟ್ಟಿದವರು. ದೋರ್ದೋನ್ ಕಡೆಯ ಹಳೇ ಮನೆಗಳ ಚಾವಣಿಗೂ ಹಂಚಲ್ಲ, ಕಲ್ಲಿನ ಚಪ್ಪಡಿ! ಒಂದರ ಮೇಲೊಂದು ಮೀನಿನ ಹುರುಪೆ ಥರ ಜೋಡಿಸಿದ್ದಾರೆ. ಒಂದು ಚದರ ಮೀಟರಿಗೆ 500 ಕಿಲೋಗಿಂತ ಜಾಸ್ತಿ ಭಾರ ಬೀಳುತ್ತದಂತೆ. ಸಾರ್ಲಾ ಊರಿನ ಒಂದು ಓಣಿಯಲ್ಲಿ ಇವರು ಕತ್ತು ಎತ್ತಿ ಹತ್ತು ನಿಮಿಷ ನಿಂತರು, ಕೆಳಗೆ ಎಂಥ ತೊಲೆ ಹಾಕಿರಬೇಕು ಅಂತ. ಅಳಿಯಂದಿರು ಪಾರ್ಕಿಂಗ್ ಟೈಮ್ ಮುಗೀತು ಅಂದರೂ ಕೇಳಲಿಲ್ಲ.

ಮೊದಲು ಮ್ಯೂಸಿಯಂ ವಿಷಯ ಹೇಳುತ್ತೇನೆ. ಲೆಜೇಜಿ ಅಂತ ಒಂದು ಪುಟ್ಟ ಊರು. ಒಂದೇ ಮುಖ್ಯ ಬೀದಿ. 1868ರಲ್ಲಿ ಕೆಲಸದವರು ಇಲ್ಲಿ ಮಣ್ಣು ಅಗೆಯುವಾಗ ಹಳೇ ಕಾಲದ ಮನುಷ್ಯರ ಎಲುಬು ಸಿಕ್ಕವು. ಪಠ್ಯಪುಸ್ತಕದಲ್ಲಿ ನಾವು ಕಲಿಸುವ ಕ್ರೋಮ್ಯಾಗ್ನನ್ ಮಾನವ ಇವನೇ. ಆ ಹೆಸರು ಬಂದದ್ದೇ ಈ ಊರಿನ ಒಂದು ಬಂಡೆಯಿಂದ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಹೆಸರು, ಅದು ಒಂದು ಜಾಗ ಅಂತ ಅಲ್ಲಿ ನಿಂತಾಗಲೇ ನನ್ನ ತಲೆಗೆ ಹೋದದ್ದು. ದೇಶದ ಪ್ರಾಗಿತಿಹಾಸ ಮ್ಯೂಸಿಯಂ ಇರೋದು ಈ ಊರಲ್ಲೇ, ಪ್ಯಾರಿಸ್‌ನಲ್ಲಿ ಅಲ್ಲ. ಬಂಡೆಗೆ ಒರಗಿದ ಹಳೇ ಕೋಟೆಮನೆ, ಅದಕ್ಕೆ 2004ರಲ್ಲಿ ಹೊಸ ಕಟ್ಟಡ ಸೇರಿಸಿದ್ದಾರೆ. ಸಿಕ್ಕ ವಸ್ತು ಸಿಕ್ಕ ಕಣಿವೆಯಲ್ಲೇ ಇದೆ.

ಒಳಗೆ ಸಾವಿರಾರು ಕಲ್ಲಿನ ಆಯುಧ. ಆದರೆ ನಾನು ಬಹಳ ಹೊತ್ತು ನಿಂತದ್ದು ಒಂದು ಗಾಜಿನ ಪೆಟ್ಟಿಗೆ ಮುಂದೆ. ಅದರೊಳಗೆ ಅಂಗೈಯಲ್ಲಿ ಹಿಡಿಸುವಷ್ಟೇ, ಸುಮಾರು ಹತ್ತು ಸೆಂಟಿಮೀಟರಿನ ಒಂದು ತುಂಡು. ಹಿಮಸಾರಂಗದ ಕೊಂಬಿನಲ್ಲಿ ಕೆತ್ತಿದ ಬೈಸನ್, ನಮ್ಮ ಕಾಡುಕೋಣದ ನೆಂಟ. ಅದು ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗಿಸಿ ತನ್ನ ಪಕ್ಕೆ ನೆಕ್ಕಿಕೊಳ್ಳುತ್ತಿದೆ. ನಾಲಿಗೆ ಕಾಣುತ್ತದೆ, ಕಣ್ಣು ಕಾಣುತ್ತದೆ, ಗಡ್ಡದ ಕೂದಲಿನ ಗೆರೆ ಸಹ ಕಾಣುತ್ತದೆ. ನೊಣ ಕಚ್ಚಿದಾಗ ನಮ್ಮ ಎತ್ತು ಮಾಡುತ್ತಲ್ವಾ, ಥೇಟ್ ಹಾಗೇ. ಕೊಂಬಿನ ತುಂಡು ಸಣ್ಣದು, ತಲೆ ಮುಂದಕ್ಕೆ ಚಾಚಿ ಕೆತ್ತೋಕೆ ಜಾಗ ಇಲ್ಲ, ಹಿಂದಕ್ಕೆ ತಿರುಗಿಸಿಬಿಟ್ಟಿದ್ದಾನೆ ಪುಣ್ಯಾತ್ಮ. ಹತ್ತು ಸಾವಿರ ವರ್ಷಕ್ಕೂ ಹಿಂದಿನ ಮಾತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೊನಾಲಿಸಾ ಮುಂದೆ ಜನರ ಮೊಬೈಲುಗಳ ಸಂದಿಯಿಂದ ಇಣುಕಿ ಬಂದವಳು ನಾನು. ಇಲ್ಲಿ ಆ ಪೆಟ್ಟಿಗೆ ಮುಂದೆ ನಾನೊಬ್ಬಳೇ.

ಇನ್ನು ಲಾಸ್ಕೋ. ಇದು ಎಲ್ಲರಿಗೂ ಗೊತ್ತಿರುವ ಗುಹೆ. 1940ರ ಸೆಪ್ಟೆಂಬರ್ 12ರಂದು ಮೊಂತಿನ್ಯಾಕ್ ಊರಿನ ಹುಡುಗರು ಕಂಡುಹಿಡಿದದ್ದು. ಗೋಡೆ ತುಂಬ ಹಳೇ ಕಾಲದ ಮನುಷ್ಯರು ಬಣ್ಣದಲ್ಲಿ ಬರೆದ ಗೂಳಿ, ಕುದುರೆ, ಜಿಂಕೆ. ಒಂದು ಗೂಳಿಯಂತೂ ಐದು ಮೀಟರಿಗಿಂತ ಉದ್ದ. ಆದರೆ ಟಿಕೆಟ್ ತಗೊಂಡ ಮೇಲೆ ಮಗಳು ಹೇಳಿದಳು, "ಅವ್ವಾ, ಇದು ಅಸಲಿ ಅಲ್ಲ, ನಕಲು." ನನಗೆ ಸಿಟ್ಟೇ ಬಂತು. ಇಷ್ಟು ದೂರ ಬಂದು ನಕಲು ನೋಡಬೇಕಾ? ಅಸಲಿ ಗುಹೆ ಮುಚ್ಚಿದ್ದು 1963ರಲ್ಲಿ. ಜನ ನುಗ್ಗಿ ನುಗ್ಗಿ, ಅವರ ಉಸಿರಿನಿಂದಲೇ ಗೋಡೆ ಮೇಲೆ ಹಸಿರು ಪಾಚಿ ಹಬ್ಬಿತ್ತಂತೆ. ಹದಿನೇಳು ಸಾವಿರ ವರ್ಷ ತಾಳಿದ ಬಣ್ಣ, ಹದಿನೈದು ವರ್ಷದ ಟೂರಿಸಂಗೆ ಹೆದರಿತು. ಆಮೇಲೆ 1983ರಲ್ಲಿ ಪಕ್ಕದಲ್ಲೇ ಒಂದು ನಕಲು ಗುಹೆ, 2016ರಲ್ಲಿ ಗುಡ್ಡದ ಬುಡದಲ್ಲಿ ಇನ್ನೂ ದೊಡ್ಡದು. ಒಳಗೆ ಹೋದರೆ ಗೋಡೆಯ ಉಬ್ಬು ತಗ್ಗು, ತಂಪು ಎಲ್ಲ ಗುಹೆಯ ಥರವೇ. ಎರಡು ನಿಮಿಷದಲ್ಲಿ ನಕಲು ಅನ್ನೋದೇ ಮರೆತೆ. ನಮ್ಮನೆಯವರು ಮಾತ್ರ ಕೊನೇವರೆಗೂ ಗೋಡೆ ತಟ್ಟಿ ನೋಡಬೇಕು ಅಂತ ಒದ್ದಾಡಿದರು, ಸಿಮೆಂಟೋ ಪ್ಲಾಸ್ಟಿಕ್ಕೋ ಅಂತ.

ಅಸಲಿಯೇ ಬೇಕು ಅನ್ನುವವರಿಗೆ ದಾರಿ ಇದೆ. ಫೊಂ ದ ಗೋಮ್ ಅನ್ನೋ ಗುಹೆಯಲ್ಲಿ ಬಣ್ಣದ ಅಸಲಿ ಚಿತ್ರ ಇವೆ, ಆದರೆ ದಿನಕ್ಕೆ ಕೆಲವರನ್ನೇ ಬಿಡುತ್ತಾರೆ, ನಮಗೆ ಸಿಗಲಿಲ್ಲ. ಸಿಕ್ಕಿದ್ದು ರುಫಿನ್ಯಾಕ್. ನನ್ನ ಕೇಳಿದರೆ ಇಡೀ ಪ್ರವಾಸದಲ್ಲಿ ಇದೇ ಮೇಲು.

ರುಫಿನ್ಯಾಕ್ ಗುಹೆಯೊಳಗೆ ಒಂದು ಪುಟ್ಟ ಕರೆಂಟಿನ ರೈಲು ಹೋಗುತ್ತದೆ. ಗುಹೆಯ ಉದ್ದ ಎಲ್ಲ ಕವಲು ಸೇರಿ ಎಂಟು ಕಿಲೋಮೀಟರು, ರೈಲು ಹೋಗೋದು ಒಂದು ಕಿಲೋಮೀಟರು. ಒಳಗೆ ಯಾವಾಗಲೂ 13 ಡಿಗ್ರಿ. ಕಲಬುರಗಿಯ 42 ಡಿಗ್ರಿಯಿಂದ ಬಂದವಳಿಗೆ ಮೊದಲು ಸ್ವರ್ಗ, ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಲೈಟು ಆರಿಸಿ ಗೈಡ್ ಟಾರ್ಚ್ ಹಿಡೀತಾರೆ. ಮೊದಲು ತೋರಿಸೋದು ಕರಡಿಯ ಉಗುರು ಗೀರಿದ ಗುರುತು, ಮನುಷ್ಯರು ಬರೋಕಿಂತ ಎಷ್ಟೋ ಮುಂಚಿನದು. ನೆಲದಲ್ಲಿ ದುಂಡನೆ ತಗ್ಗುಗಳು, ಚಳಿಗಾಲದಲ್ಲಿ ಕರಡಿ ಮಲಗಿದ ಹಾಸಿಗೆ. ಆಮೇಲೆ ಮ್ಯಾಮತ್‌ಗಳ ಚಿತ್ರ, ಅಂದರೆ ಈಗ ಅಳಿದುಹೋದ, ಮೈತುಂಬ ಕೂದಲಿನ ಆನೆಗಳು. ನೂರೈವತ್ತಕ್ಕೂ ಜಾಸ್ತಿ ಇವೆ. ಕಪ್ಪು ಗೆರೆ ಒಂದೇ, ಬಣ್ಣ ತುಂಬಿಲ್ಲ, ಆದರೂ ಆ ಬೆನ್ನಿನ ಬಾಗು ನೋಡಬೇಕು. ಈಗ ನಾವು ನಿಂತು ತಲೆ ಎತ್ತಿ ನೋಡಲಿ ಅಂತ ನೆಲ ಅಗೆದು ತಗ್ಗು ಮಾಡಿದ್ದಾರೆ. ಬರೆದವರಿಗೆ ನಿಲ್ಲೋಕೆ ಜಾಗ ಇರಲಿಲ್ಲ. ಅಂಗಾತ ಮಲಗಿ, ಮೂಗಿನ ಮುಂದಿರೋ ಚಾವಣಿ ಮೇಲೆ, ಪೂರ್ತಿ ಚಿತ್ರ ತಮಗೇ ಒಮ್ಮೆಲೇ ಕಾಣದ ಹಾಗೆ ಬರೆದಿದ್ದಾರೆ.

ಅದೇ ಚಾವಣಿ ಮೇಲೆ ಇನ್ನೊಂದು ಕಂಡಿತು. ಹೆಸರುಗಳು! ಇನ್ನೂರು ವರ್ಷದ ಹಿಂದೆ ಬಂದವರು ಮೇಣದಬತ್ತಿ ಹೊಗೆಯಲ್ಲಿ ಮ್ಯಾಮತ್ ಮೈಮೇಲೆಲ್ಲ ತಮ್ಮ ಹೆಸರು ಬರೆದು ಹೋಗಿದ್ದಾರೆ. ನಮ್ಮ ಕೋಟೆ ಗೋಡೆಗಳ ಮೇಲೆ ಬಾಣ ಚುಚ್ಚಿದ ಹೃದಯ ಕೆತ್ತೋ ಹುಡುಗರನ್ನು ಎಷ್ಟು ಬೈದಿದ್ದೇನೋ, ಅವರ ಅಣ್ಣತಮ್ಮಂದಿರು ಅಲ್ಲಿಯೂ ಇದ್ದರು ನೋಡಿ. ಈ ಹೆಸರುಗಳಿಂದ ಜಗಳವೂ ಆಗಿತ್ತು. 1956ರಲ್ಲಿ ಇಬ್ಬರು ವಿದ್ವಾಂಸರು ಚಿತ್ರ ಪುರಾತನ ಅಂತ ಸಾರಿದಾಗ, ಇಷ್ಟು ಜನ ಬಂದು ಹೆಸರು ಬರೆದಿದ್ದಾರೆ, ಅವರ ಕಣ್ಣಿಗೆ ಬೀಳದ ಚಿತ್ರ ಈಗ ಹೇಗೆ ಬಂತು ಅಂತ ಬೇರೆಯವರು ತಕರಾರು ತೆಗೆದರು. ಕೊನೆಗೆ ಅಸಲಿ ಅಂತಲೇ ಆಯಿತು.

ಊರುಗಳ ಬಗ್ಗೆ. ಕೊಲೊಂಜ್ ಲಾ ರೂಜ್ ಅಂತ ಒಂದಿದೆ, ಪಕ್ಕದ ಜಿಲ್ಲೆ. ಇಡೀ ಊರು ಕೆಂಪು ಕಲ್ಲು. ಬೀದರ್ ಕೋಟೆ ಕಂಡವರಿಗೆ ಈ ಬಣ್ಣ ಹೊಸದಲ್ಲ. ಚಂದದ ಹಳ್ಳಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಳ್ಳೋಣ ಅಂತ 1982ರಲ್ಲಿ ಹೊರಟವರು ಈ ಊರಿನ ಮೇಯರ್. ಆ ಸಂಘ ಸೇರಬೇಕಾದರೆ ಊರಿನ ಜನ 2000 ದಾಟಿರಬಾರದು, ಸಂರಕ್ಷಿತ ಸ್ಮಾರಕವೋ ಜಾಗವೋ ಎರಡಾದರೂ ಇರಬೇಕು. ನಮ್ಮಲ್ಲಿ ಜನ ಕಡಿಮೆ ಅಂದರೆ ಬಸ್ಸು ನಿಲ್ಲಿಸುತ್ತಾರೆ, ಅಲ್ಲಿ ಅದೇ ಅರ್ಹತೆ.

ಲಾ ರೋಕ್ ಗಜಾಕ್ ಇನ್ನೊಂದು. ಮುಂದೆ ಹೊಳೆ, ಹಿಂದೆ ಗೋಡೆಯಂಥ ಬಂಡೆ, ನಡುವೆ ಒಂದೇ ಸಾಲು ಮನೆ. ಬಂಡೆ ದಕ್ಷಿಣಕ್ಕೆ ಮುಖ ಮಾಡಿ ದಿನವಿಡೀ ಬಿಸಿಲು ಕುಡಿಯುತ್ತದೆ, ಹಾಗಾಗಿ ಅಲ್ಲಿ ಬಾಳೆ ಗಿಡ ಬೆಳೆಸಿದ್ದಾರೆ! ಬಾಳೆ ಎಲೆ ಕಂಡು ನಮ್ಮನೆಯವರಿಗೆ ಊಟ ನೆನಪಾಯಿತು. ಚಂದ ಅಂತ ಸುಮ್ನೆ ಹೊಗಳಬಾರದು, 1957ರಲ್ಲಿ ಇದೇ ಬಂಡೆ ಕುಸಿದು ಮನೆಗಳು ಹೋದವು, ಜೀವವೂ ಹೋದವು. ಈಗ ಹಳೇ ಕಾಲದ ಸರಕು ದೋಣಿಯ ಮಾದರಿಯಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಾರೆ. ಹತ್ತಿರದಲ್ಲೇ ಕಾಸ್ತೆಲ್ನೋ ಕೋಟೆ, ಅದರೊಳಗೆ ಯುದ್ಧದ ಮ್ಯೂಸಿಯಂ. ಮನೆಯೆತ್ತರದ ಕವಣೆ ಯಂತ್ರ ಬಯಲಲ್ಲೇ ನಿಲ್ಲಿಸಿದ್ದಾರೆ. ಮೊಮ್ಮಗ ಅಲ್ಲಿಂದ ಕದಲಲೇ ಇಲ್ಲ. ಪಾದಿರಾಕ್ ಅನ್ನೋ 75 ಮೀಟರ್ ಆಳದ ಬಾವಿಯಂಥ ಕಮರಿಯೂ ಇದೆ, ಕೆಳಗಿಳಿದು ನೆಲದಡಿಯ ಹೊಳೆಯಲ್ಲಿ ದೋಣಿ. ಮಂಡಿ ನೋವಿದ್ದವರಿಗೆ ಲಿಫ್ಟ್ ಉಂಟು.

ಊಟದ ಗೋಳು ಹೇಳದಿದ್ದರೆ ತಪ್ಪಾಗುತ್ತದೆ. ಹಳ್ಳಿ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು, ಅಷ್ಟೇ. ನಾವು ಎರಡೂ ಇಪ್ಪತ್ತಕ್ಕೆ ಹೋದೆವು, ಅಡುಗೆಮನೆ ಬಂದ್. ಕೈ ಮುಗಿದರೂ ಇಲ್ಲ. ಒಳಗಿದ್ದದ್ದೂ ಬರೀ ಬಾತುಕೋಳಿ, ಹೆಬ್ಬಾತು. ಪುಣ್ಯಕ್ಕೆ ನನ್ನ ಚೀಲದಲ್ಲಿ ಖಟಕ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಹೊಳೆ ದಂಡೆಯ ಬೆಂಚಿನ ಮೇಲೆ ಮುರಿದು ತಿಂದೆವು. ಸಸ್ಯಾಹಾರಿಗಳು ಬೆಳಗ್ಗೆಯೇ ಸಂತೆಯಲ್ಲಿ ಬ್ರೆಡ್ಡು, ಹಣ್ಣು, ಅಕ್ರೋಟಿನ ಕೇಕು ತಗೊಂಡಿರಿ. ಸಾರ್ಲಾದಲ್ಲಿ ಶನಿವಾರ ದೊಡ್ಡ ಸಂತೆ. ಕಾರು ಬೇಕೇ ಬೇಕು, ಬಸ್ಸು ನಂಬಬೇಡಿ. ಮ್ಯೂಸಿಯಂಗೆ ವಾರದ ರಜೆ ಯಾವತ್ತು ಅಂತ ನೋಡಿಕೊಂಡು ಹೋಗಿ. ಬೇಸಿಗೆಯಾದರೂ ಗುಹೆಗೆ ಶಾಲು ಇರಲಿ.

ಇನ್ನೊಂದು ಮಾತು. ಲೆಜೇಜಿ ಮ್ಯೂಸಿಯಂ ಹೇಳೋದು ನಾಲ್ಕು ಲಕ್ಷ ವರ್ಷದ ಕಥೆ. ಅಲ್ಲಿ ಗಾಜಿನೊಳಗೆ ಸಾಲಾಗಿಟ್ಟ ಕಲ್ಲಿನ ಕೈಗೊಡಲಿ ನೋಡುವಾಗ ನನಗೆ ಹುಣಸಗಿ ಪಕ್ಕದ ಇಸಾಂಪುರ ಕಣ್ಮುಂದೆ ಬಂತು. ಅಲ್ಲಿಯೂ ಸುಣ್ಣದ ಕಲ್ಲು, ಅಲ್ಲಿಯೂ ಕೈಗೊಡಲಿ ಮಾಡುವ ಜಾಗ. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗೆದು ತೋರಿಸಿದ್ದು. ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಅಂದಾಜು. ಚಿಕ್ಕವಳಿದ್ದಾಗ ನಾವು ಆ ಹೊಲಗಳ ಕಲ್ಲನ್ನು ಎತ್ತಿ ಹುಣಸೆಕಾಯಿಗೆ ಹೊಡೆದಿದ್ದೇವೆ. ಯಾವುದು ಬರೀ ಕಲ್ಲು, ಯಾವುದು ಆಯುಧ ಅಂತ ಹೇಳಿಕೊಡೋರು ಯಾರೂ ಇರಲಿಲ್ಲ. ಹೀಗೇ ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲು ಸಾಲಾಗಿ ನಿಲ್ಲಿಸಿದ್ದಾರೆ. ಹಿಂದೆ ಶಾಲೆ ಮಕ್ಕಳನ್ನು ಕರಕೊಂಡು ಹೋದಾಗ ಅಲ್ಲಿ ನಮ್ಮನ್ನು ಬಿಟ್ಟರೆ ಇದ್ದದ್ದು ಕುರಿಗಳು ಮಾತ್ರ.

ಅದಕ್ಕೇ ಕೇಳೋದು, ಮುಂದಿನ ಸಲ ಫ್ರಾನ್ಸ್ ಬಗ್ಗೆ ಪುರವಣಿ ಮಾಡಿದರೆ ಒಂದು ಪುಟ ಈ ಕಣಿವೆಗೆ ಕೊಡಿ, ಪಕ್ಕದ ಪುಟ ಹುಣಸಗಿಗೆ ಕೊಡಿ. ಡಿಸೆಂಬರ್ ರಜೆಗೆ ಮೊಮ್ಮಗ ಬರುತ್ತಾನೆ. "ಆಯಿ, ನಿಮ್ಮೂರಿನ ಗುಹೆ ಮನುಷ್ಯನ ಮ್ಯೂಸಿಯಂ ತೋರಿಸು" ಅಂತ ಈಗಲೇ ಫೋನಿನಲ್ಲಿ ಹಟ ಹಿಡಿದಿದ್ದಾನೆ. ಮ್ಯೂಸಿಯಂ ಬೇಡಪ್ಪ, ಹೊಲದಲ್ಲೇ ತೋರಿಸ್ತೀನಿ ಅಂದಿದ್ದೇನೆ. ಅಷ್ಟರೊಳಗೆ ನಿಮ್ಮ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಂಡಿರುತ್ತೇನೆ, ಓದಿ ಹೇಳೋಕೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಕಲಬುರಗಿ